ಪಟ್ಟಣಕ್ಕೆ ಸೇರಿಹೋದ ಹಳ್ಳಿಯ ಜಾಡು ಹಿಡಿಯೋದು ಹೇಗೆ

ಸಣ್ಣ ಹಳ್ಳಿ ಪಕ್ಕದ ಪಟ್ಟಣಕ್ಕೆ ಸೇರಿದ ಮಾರನೇ ದಿನ ಮನೆ, ಮರ, ಜನ ಎಲ್ಲಾ ಇದ್ದಲ್ಲೇ ಇರ್ತಾರೆ, ಆದ್ರೆ ಕಾಗದದ ಮೇಲೆ ಊರು ಮುಗಿದೋಗಿರುತ್ತೆ. ಅಂಥ ಊರಿನ ಕಥೆ ಬರೆದಿಡ್ಬೇಕು ಅನ್ನೋರು ಎಲ್ಲಿಂದ ಶುರು ಮಾಡ್ಬೇಕು ಅಂತ ಹೇಳ್ತೀನಿ.

ಮೊದ್ಲು ವಿಲೀನದ ತಾರೀಕು ಹಿಡೀರಿ. ವರ್ಷ ಒಂದೇ ಸಾಲ್ದು, ಆದೇಶ ಯಾವಾಗ, ಜಾರಿ ಯಾವಾಗ ಎರಡೂ ಬೇಕು. ಪ್ಯಾರಿಸ್ ಸುತ್ತಲಿನ ಹಳ್ಳಿಗಳನ್ನ ಸೇರಿಸೋ ಕಾನೂನು ಆಗಿದ್ದು 1859ರಲ್ಲಿ, ಜಾರಿ ಆಗಿದ್ದು 1860ರ ಜನವರಿ 1ಕ್ಕೆ. ಅಲ್ಲಿಗೆ ದಾಖಲೆ ಎರಡು ಹೋಳಾಗುತ್ತೆ, ಹಿಂದಿನದನ್ನ ಹಳ್ಳಿ ಹೆಸರಲ್ಲಿ ಹುಡುಕ್ಬೇಕು, ಮುಂದಿನದನ್ನ ಪಟ್ಟಣದ ಹೆಸರಲ್ಲಿ. ಹಳ್ಳಿ ಪೂರ್ತಿ ಒಂದೇ ಕಡೆ ಹೋಯ್ತಾ ಅಂತಾನೂ ನೋಡಿ, ಯಾಕಂದ್ರೆ ಮೊಂಮಾರ್ತ್ ಹಳ್ಳಿಯ ಬಹುಪಾಲು ಪ್ಯಾರಿಸ್ಸಿಗೆ ಸೇರಿದ್ರೂ ಸಣ್ಣ ತುಂಡೊಂದು ಪಕ್ಕದ ಸ್ಯಾಂತುವಾಂ ಪಾಲಾಯ್ತು.

ವಿಲೀನ ಈಚಿನದಾದ್ರೆ ಹಳೇ ಕಚೇರಿಯ ಕಡತಗಳು ಎಲ್ಲಿಗೆ ಹೋದ್ವು ಅಂತ ಬೇಗ ವಿಚಾರಿಸಿ. ಜಪಾನಲ್ಲಿ 1999ರಲ್ಲಿ 3,200ಕ್ಕೂ ಹೆಚ್ಚಿದ್ದ ಸ್ಥಳೀಯ ಆಡಳಿತಗಳು 2010ರ ಹೊತ್ತಿಗೆ ಸುಮಾರು 1,700ಕ್ಕೆ ಇಳಿದ್ವು, ಅಷ್ಟು ಕಚೇರಿ ಒಂದಾಗುವಾಗ ಎಷ್ಟು ಕಪಾಟು ಖಾಲಿ ಮಾಡ್ಬೇಕಾಗುತ್ತೆ ಯೋಚ್ನೆ ಮಾಡಿ.

ಆಮೇಲೆ ನಕ್ಷೆ, ನನಗಂತೂ ಇದೇ ತುಂಬ ಇಷ್ಟದ ಕೆಲ್ಸ. ವಿಲೀನಕ್ಕೆ ಮುಂಚಿನ ಸರ್ವೆ ನಕ್ಷೆ ಒಂದನ್ನ ಈಗಿನ ನಕ್ಷೆ ಮೇಲೆ ಇಟ್ಟು ನೋಡಿ. ಪಟ್ಟಣದ ಬೀದಿಗಳು ನೇರ ಬಂದು ಒಂದು ಕಡೆ ಇದ್ದಕ್ಕಿದ್ದಂಗೆ ಸೊಟ್ಟಗಾಗ್ತಾವೆ, ಓಣಿ ಕಿರಿದಾಗುತ್ತೆ, ನಾಲ್ಕೈದು ದಾರಿ ಸುಮ್ನೆ ಒಂದು ಬಯಲಿಗೆ ಬಂದು ಸೇರ್ತಾವೆ, ಹಳೇ ಊರು ಬಹುಶಃ ಅಲ್ಲೇ. ಬರ್ಲಿನ್ನಿನ ನೊಯ್‌ಕೋಲ್ನ್‌ನಲ್ಲಿ ರಿಚರ್ಡ್‌ಪ್ಲಾಟ್ಸ್ ಅನ್ನೋ ಚೌಕ ಇದೆ, ಸುತ್ತ ಮಹಾನಗರ, ಮಧ್ಯದಲ್ಲಿ ಹಳೇ ಕುಲುಮೆ ಮನೆ ಇವತ್ತಿಗೂ ನಿಂತಿದೆ, ಅದು ರಿಕ್ಸ್‌ಡಾರ್ಫ್ ಅನ್ನೋ ಹಳ್ಳಿಯ ನಡುಮಧ್ಯ ಆಗಿತ್ತು. ಆ ಊರು ಬೆಳೀತಾ ಬೆಳೀತಾ ತಾನೇ ಪಟ್ಟಣ ಆಯ್ತು, 1912ರಲ್ಲಿ ಹೆಸರು ನೊಯ್‌ಕೋಲ್ನ್ ಅಂತ ಬದಲಾಯ್ತು, 1920ರಲ್ಲಿ ಬರ್ಲಿನ್ನಿಗೆ ಸೇರ್ತು. ಅದಕ್ಕೇ ಒಂದೇ ಹೆಸರು ಹಿಡ್ಕೊಂಡು ಹುಡುಕ್ಬೇಡಿ, ಊರಿಗಿದ್ದ ಎಲ್ಲಾ ಹೆಸರು, ಎಲ್ಲಾ ಕಾಗುಣಿತ ಪಟ್ಟಿ ಮಾಡ್ಕೊಳ್ಳಿ. ಬೀದಿ ಹೆಸರೂ ಅಷ್ಟೇ, ಪಟ್ಟಣದಲ್ಲಿ ಅದೇ ಹೆಸರಿನ ಇನ್ನೊಂದು ಬೀದಿ ಇದ್ರೆ ಸಾಮಾನ್ಯವಾಗಿ ಬದಲಾಗೋದು ಹಳ್ಳಿದೇ.

ಜನಸಂಖ್ಯೆ ಅಂಕಿ ನೋಡುವಾಗ ಹುಷಾರು. 1920ರ ಅಕ್ಟೋಬರ್ 1ಕ್ಕೆ ಬರ್ಲಿನ್ ತನ್ನ ಸುತ್ತಲಿನ 7 ಪಟ್ಟಣ, 59 ಹಳ್ಳಿ, 27 ಜಮೀನ್ದಾರಿ ವಲಯಗಳನ್ನ ಸೇರಿಸ್ಕೊಂಡಾಗ ಸುಮಾರು 19 ಲಕ್ಷ ಇದ್ದ ಜನ ಸುಮಾರು 38 ಲಕ್ಷ ಆದ್ರು, ಗಡಿ ಸರಿದಿದ್ದು ಬಿಟ್ರೆ ಅವತ್ತು ಬೇರೇನೂ ಆಗಿರ್ಲಿಲ್ಲ.

ವಯಸ್ಸಾದೋರ ಹತ್ರ ಕೂತಾಗ "ಊರಿನ ಇತಿಹಾಸ ಹೇಳಿ" ಅಂತ ದಯವಿಟ್ಟು ಕೇಳ್ಬೇಡಿ, ಪಾಪ ಅವ್ರಿಗೆ ಏನ್ ಹೇಳ್ಬೇಕೋ ಗೊತ್ತಾಗಲ್ಲ. ನೀರು ಎಲ್ಲಿಂದ ತರ್ತಿದ್ರಿ, ದನ ಯಾವ ದಾರೀಲಿ ಹೋಗ್ತಿತ್ತು, ಕತ್ತಲಾದ್ಮೇಲೆ ಎಲ್ಲಿಗೆ ಹೋಗೋಕೆ ಭಯ ಆಗ್ತಿತ್ತು, ಇಂಥವನ್ನ ಕೇಳಿ. ದೊಡ್ಡ ಹಾಳೆ, ದಪ್ಪ ಪೆನ್ಸಿಲ್ ಕೊಟ್ಟು ಬಾವಿ ಎಲ್ಲಿತ್ತು ಗುರುತು ಹಾಕಿ ಅನ್ನಿ, ಬಾವಿ ಬರೆದ ಕೈ ಅಲ್ಲಿಗೆ ನಿಲ್ಲಲ್ಲ, ಬಾವಿಯಿಂದ ಮನೆ, ಮನೆಯಿಂದ ಹೊಲದ ಬದು ಅಂತ ಹೋಗ್ತಾ ಇರುತ್ತೆ, ಆವಾಗ ನಡುವೆ ಬಾಯಿ ಹಾಕ್ಬೇಡಿ. ಇಬ್ಬರ ನೆನಪು ತಾಳೆ ಆಗ್ಲಿಲ್ಲ ಅಂದ್ರೆ ಎರಡನ್ನೂ ಬರೀರಿ, ಯಾರ ಮನೆ ಊರಿನ ಯಾವ ಬದಿಗಿತ್ತು ಅನ್ನೋದನ್ನೂ ಸೇರಿಸಿ. ಮನೆಗೆ ಬಂದ ದಿನವೇ ಆ ಹಾಳೆ ಹಿಂದೆ ತಾರೀಕು ಹಾಕಿ, ಉತ್ತರ ದಿಕ್ಕು ಯಾವ ಕಡೆ ಅಂತ ಬಾಣದ ಗುರುತು ಮಾಡಿಡಿ.