ಊರಿನ ಬೀಜವಾ, ಹೊರಗಿನದ್ದಾ? ಗೇರುಬೀಜದ ಅಂಗಡಿಯ ನನ್ನ ಅನುಭವ

ಮಂಗಳೂರಿನ ಕಾರ್‌ಸ್ಟ್ರೀಟ್ ಹತ್ತಿರ ನನ್ನದೊಂದು ಚಿಕ್ಕ ಗೇರುಬೀಜದ ಅಂಗಡಿ. ಗಿರಾಕಿಗಳು ಮೊದಲು ರೇಟು ಕೇಳುತ್ತಾರೆ. ಆಮೇಲಿನ ಪ್ರಶ್ನೆ, "ಇದು ಊರಿನ ಬೀಜವಾ?" ಹೌದು ಅಂದುಬಿಟ್ಟರೆ ವ್ಯಾಪಾರ ಕುದುರಿತು. ಆದರೆ ನಮ್ಮ ಕರಾವಳಿಯ ಕಾರ್ಖಾನೆಗಳಿಗೆ ಊರಿನ ಬೆಳೆ ಸಾಲುವುದಿಲ್ಲ. ಐವರಿ ಕೋಸ್ಟ್, ಬೆನಿನ್, ತಾಂಜಾನಿಯಾ ಕಡೆಯಿಂದಲೂ ಕಚ್ಚಾ ಬೀಜ ಹಡಗಿನಲ್ಲಿ ಬರುತ್ತದೆ. ಸುಲಿಯುವುದು, ಗ್ರೇಡ್ ಮಾಡುವುದು ಮಾತ್ರ ಇಲ್ಲಿ.

ಹಾಗಾಗಿ ನನ್ನಲ್ಲಿ ಎರಡು ಡಬ್ಬಿ ಇವೆ. ಒಂದರ ಮೇಲೆ 'ಊರಿನದ್ದು', ಇನ್ನೊಂದರ ಮೇಲೆ 'ಹೊರಗಿನದ್ದು'. ರೇಟೂ ಬೇರೆ. "ಎಂತ ಮಾರಾಯ್ರೆ, ಇಷ್ಟು ವರ್ಷ ಎಲ್ಲರೂ ಊರಿನದ್ದೇ ಅಂತ ಕೊಟ್ಟದ್ದಲ್ವಾ!" ಎಂದವರು ಇದ್ದಾರೆ. ಬೋರ್ಡ್ ನೋಡಿಯೇ ಹಿಂದೆ ಹೋದವರೂ ಇದ್ದಾರೆ. ಊರಿನ ಕೊಯ್ಲು ಹೆಚ್ಚುಕಡಿಮೆ ಫೆಬ್ರವರಿಯಿಂದ ಮೇ ತನಕ. ಅಕ್ಟೋಬರ್‌ನಲ್ಲಿ ಯಾರಾದರೂ "ಈಗಷ್ಟೇ ಕೊಯ್ದ ಊರಿನ ಬೀಜ" ಅಂದರೆ ನನಗೆ ನಗು ಬರುತ್ತದೆ.

ಗ್ರೇಡ್ ವಿಷಯದಲ್ಲಿ ಜನರಿಗೆ ಮೋಸ ಮಾಡುವುದು ತೀರಾ ಸುಲಭ. ಡಬ್ಲ್ಯೂ 320 ಎಂದರೆ ಒಂದು ಪೌಂಡಿಗೆ (ಸುಮಾರು 454 ಗ್ರಾಂ) 300ರಿಂದ 320 ಇಡೀ ಬೀಜ. ಡಬ್ಲ್ಯೂ 240 ಎಂದರೆ 220ರಿಂದ 240. ನಂಬರು ಕಡಿಮೆಯಾದಷ್ಟೂ ಬೀಜ ದೊಡ್ಡದು, ರೇಟು ಜಾಸ್ತಿ. 240ಕ್ಕೆ ಒಂದಷ್ಟು 320 ಬೆರೆಸಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ಎಣಿಸಿದರೆ ಸಿಕ್ಕಿಬೀಳುತ್ತದೆ. 100 ಗ್ರಾಂನಲ್ಲಿ 240 ಆದರೆ ಸುಮಾರು 50 ಬೀಜ, 320 ಆದರೆ ಸುಮಾರು 70. ಈ ಲೆಕ್ಕವನ್ನು ನಾನು ಗಲ್ಲೆಯ ಹಿಂದೆ ದೊಡ್ಡದಾಗಿ ಬರೆದು ಅಂಟಿಸಿದ್ದೇನೆ. ಗಲ್ಫ್‌ಗೆ ಹೊರಟವರು ಕೆಲವರು ನಿಜವಾಗಿ ಎಣಿಸಿಯೇ ನೋಡುತ್ತಾರೆ, ಎಣಿಸಲಿ. ಪಾಯಸಕ್ಕೋ ಗಸಿಗೋ ಅಂದರೆ ನಾನೇ ತಡೆಯುತ್ತೇನೆ: "ಅಕ್ಕಾ, ಅದಕ್ಕೆ ಹೋಳು ಸಾಕು, ಸುಮ್ನೆ ಇಡೀ ಬೀಜಕ್ಕೆ ಯಾಕೆ ದುಡ್ಡು?" ಆ ದಿನದ ಬಿಲ್ಲು ಸಣ್ಣದಾಗುತ್ತದೆ. ಮನೆಯಲ್ಲಿ ಮದುವೆ ಬಂದಾಗ ಆ ಅಕ್ಕ ಬೇರೆ ಅಂಗಡಿ ಹುಡುಕುವುದಿಲ್ಲ.

ತೂಕದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಪ್ಯಾಕಿಂಗ್ ಬಿಟ್ಟು ನಿವ್ವಳ ತೂಕ ಕೊಡಬೇಕೆಂದು ಕಾನೂನೇ ಇದೆ. ದಪ್ಪ ರಟ್ಟಿನ ಬಾಕ್ಸನ್ನು ಗೋಡಂಬಿ ರೇಟಿಗೆ ಮಾರುವವರು ಈಗಲೂ ಇದ್ದಾರೆ.

ನಮ್ಮ ದೊಡ್ಡ ಶತ್ರು ಮಳೆಗಾಲ. ಜೂನ್ ಬಂತೆಂದರೆ ಗಾಳಿಯಲ್ಲೇ ನೀರು. ತೆರೆದಿಟ್ಟ ಬೀಜ ಬೇಗ ಮೆತ್ತಗಾಗುತ್ತದೆ, ಹಳೆಯದಾದರೆ ಎಣ್ಣೆ ಕಮಟು ವಾಸನೆ. ಒಂದು ಮಳೆಗಾಲದಲ್ಲಿ ಒಂದು ಕಾರ್ಖಾನೆಯಿಂದ ಬಂದ ಟಿನ್ನುಗಳಲ್ಲಿ ಕೆಲವು ಹಾಗೇ ಆಗಿದ್ದವು. ಒಬ್ಬರು ಬಂದು ದೂರು ಹೇಳಿದರು. ಅವರಿಗೆ ಬದಲಿ ಕೊಟ್ಟು ಸುಮ್ಮನಾಗಲಿಲ್ಲ. ಅದೇ ಲಾಟ್ ಒಯ್ದವರಲ್ಲಿ ನಂಬರ್ ಇದ್ದವರಿಗೆಲ್ಲ ನಾನೇ ಫೋನ್ ಮಾಡಿದೆ. ಹಲವರಿಗೆ ಏನೂ ಗೊತ್ತೇ ಆಗಿರಲಿಲ್ಲ! ಮನೆಯವರು "ಸುಮ್ನೆ ಇದ್ದದ್ದನ್ನು ಕೆದಕ್ತೀರಿ" ಎಂದರು. ಆ ತಿಂಗಳು ಲಾಭ ಉಳಿಯಲಿಲ್ಲ. ಆ ಫೋನಿನ ಸುದ್ದಿ ಹೇಳಿಕೊಂಡೇ ಹೊಸಬರು ಈಗಲೂ ಬರುತ್ತಾರೆ.

ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಏನಾಯಿತು, ಏನು ಮಾಡಿದೆವು ಎಂದು ಎರಡು ಸಾಲು ಬರೆಯುತ್ತೇನೆ. ಡಿಸ್ಕೌಂಟ್ ಕೊಟ್ಟು ಐದು ಸ್ಟಾರ್ ಹಾಕಿಸುವ ಚಾಳಿ ಇಟ್ಟುಕೊಂಡಿಲ್ಲ. ಅದು ಗೂಗಲ್ ನಿಯಮಕ್ಕೂ ವಿರುದ್ಧ.

ಗಿರಾಕಿಗಳ ಬಾಯಲ್ಲಿರುವ ಹೆಸರು ಒಂದು. ಪೇಟೆಯೊಳಗಿನ ಹೆಸರು ಇನ್ನೊಂದು, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಹೇಳಿದ ತಾರೀಕಿಗೆ ದುಡ್ಡು ಕೊಡುವವರಿಗೆ ಕಾರ್ಖಾನೆಯವರು ಒಳ್ಳೆಯ ಲಾಟ್ ತೆಗೆದಿಡುತ್ತಾರೆ. ಸತಾಯಿಸುವವರಿಗೆ ಉಳಿದದ್ದು. ಯಾವ ಅಂಗಡಿ ಗಟ್ಟಿ, ಯಾವುದು ಅಲ್ಲಾಡುತ್ತಿದೆ ಎಂದು ದಿನಾ ಅಂಗಡಿಗೆ ಬಂದು ಬ್ಯಾಂಕಿನ ಸಣ್ಣ ಉಳಿತಾಯದ ದುಡ್ಡು ಒಯ್ಯುವ ಪಿಗ್ಮಿ ಕಲೆಕ್ಷನ್‌ನವರಿಗೆ ಎಲ್ಲರಿಗಿಂತ ಮೊದಲೇ ಗೊತ್ತು. 1928ರಲ್ಲಿ ಉಡುಪಿಯಲ್ಲಿ ಶುರುವಾದ ಈ ಪಿಗ್ಮಿ ನಮ್ಮ ಕಡೆ ಉಳಿತಾಯವೂ ಹೌದು, ಸುದ್ದಿಮನೆಯೂ ಹೌದು.

ಅಡುಗೆಯವರ ಕಮಿಷನ್ ಮಾತ್ರ ಇನ್ನೂ ತಲೆನೋವು. ಮದುವೆಯ ಲಿಸ್ಟ್ ಬರೆಯುವಾಗ ನಮ್ಮ ಅಂಗಡಿ ಹೆಸರು ಹೇಳಲು ಕೆಲವರು ಪಾಲು ಕೇಳುತ್ತಾರೆ. ಕೊಟ್ಟರೆ ಅದನ್ನು ರೇಟಿಗೆ ಸೇರಿಸಬೇಕು. "ಬೇಡ ಭಟ್ರೇ, ಬೀಜ ಚೆನ್ನಾಗಿಲ್ಲದಿದ್ದರೆ ವಾಪಸ್ ಕಳಿಸಿ, ಅಷ್ಟೇ" ಎನ್ನುತ್ತೇನೆ. ಇದರಿಂದ ದೊಡ್ಡ ಆರ್ಡರ್‌ಗಳು ಪ್ರತಿ ಸೀಸನ್‌ನಲ್ಲೂ ಕೈತಪ್ಪುತ್ತವೆ. ಆದರೂ ಒಂದಿಬ್ಬರು ಭಟ್ರು ಕಮಿಷನ್ ಇಲ್ಲದೆಯೇ ಇಲ್ಲಿಗೆ ಚೀಟಿ ಕಳಿಸುತ್ತಾರೆ, ಸದ್ಯಕ್ಕೆ ನನ್ನ ಮದುವೆ ಸೀಸನ್ ನಡೆಯುವುದು ಅವರಿಂದ.