ಅಡಿಕೆ ಕಳ್ಳನಿಗೆ ಏಟು ಹಾಕುವ ಮುನ್ನ: ಆತ್ಮರಕ್ಷಣೆಗೆ ಕಾನೂನಿನ ಅಳತೆ

ಧಾರಣೆ ಏರಿದ ವರ್ಷ ಮಲೆನಾಡಿನ ಅಡಿಕೆ ಅಂಗಳಗಳಲ್ಲಿ ರಾತ್ರಿ ಕಾವಲೂ ಬಿಗಿಯಾಗುತ್ತದೆ. ಹಾಗೆ ಕಾವಲು ಕೂತವರಲ್ಲಿ ಹಲವರು, ನಮ್ಮ ಜಾಗಕ್ಕೆ ಬಂದ ಕಳ್ಳನಿಗೆ ಏನು ಮಾಡಿದರೂ ನಡೆಯುತ್ತದೆ ಎಂದು ನಂಬಿರುತ್ತಾರೆ. 2024ರ ಜುಲೈ 1ರಂದು ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್ 34ರಿಂದ 44ರವರೆಗೆ ಹೇಳುವುದು ಬೇರೆಯೇ.

ಮೊದಲು ನೋಡಬೇಕಾದದ್ದು, ಅಪಾಯ ಬಂದಿರುವುದು ದೇಹಕ್ಕೋ ಆಸ್ತಿಗೋ ಎಂಬುದನ್ನು. ನಮ್ಮ ದೇಹವನ್ನಷ್ಟೇ ಅಲ್ಲ, ಇನ್ನೊಬ್ಬರ ದೇಹವನ್ನು ಕಾಪಾಡಲೂ ಬಲ ಬಳಸಬಹುದು. ಆದರೆ ಎದುರಾಳಿಯ ಪ್ರಾಣ ಹೋಗುವಷ್ಟು ಬಲಕ್ಕೆ ಅನುಮತಿ ಇರುವುದು ಸಾವು ಅಥವಾ ತೀವ್ರ ಗಾಯದ ಭಯ ಹುಟ್ಟಿಸುವ ಹಲ್ಲೆ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿಯಂತಹ ಸಂದರ್ಭಗಳಲ್ಲಿ ಮಾತ್ರ. ಆಸ್ತಿಯ ವಿಷಯದಲ್ಲಿ ಸೆಕ್ಷನ್ 41 ಸುಲಿಗೆ, ಸೂರ್ಯಾಸ್ತದಿಂದ ಸೂರ್ಯೋದಯದ ನಡುವಿನ ಮನೆ ಕನ್ನ, ವಾಸದ ಕಟ್ಟಡಕ್ಕೆ ಬೆಂಕಿ ಇಡುವುದು ಇವನ್ನು ಹೆಸರಿಸುತ್ತದೆ. ಬಯಲಿನಲ್ಲಿ ಒಣಗಲು ಹಾಕಿದ ಅಡಿಕೆಯನ್ನು ಚೀಲಕ್ಕೆ ತುಂಬಿಕೊಳ್ಳುತ್ತಿರುವ ಬರಿಗೈ ಕಳ್ಳ ಈ ಪಟ್ಟಿಗೆ ಬರುವುದಿಲ್ಲ. ಅವನನ್ನು ತಡೆಯಬಹುದು, ಹಿಡಿದು ಪೊಲೀಸರಿಗೆ ಒಪ್ಪಿಸಬಹುದು, ಆದರೆ ಗುಂಡು ಹಾರಿಸುವಂತಿಲ್ಲ. ಕೊಡವರಿಗೆ ಕೋವಿಯ ಲೈಸೆನ್ಸ್‌ನಿಂದ ವಿನಾಯಿತಿ ಇದೆ ನಿಜ, ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು.

ಎರಡನೆಯದು ಹೊತ್ತು. ಅಪಾಯದ ನ್ಯಾಯವಾದ ಭಯ ಹುಟ್ಟಿದ ಕ್ಷಣದಿಂದ ದೇಹರಕ್ಷಣೆಯ ಹಕ್ಕು ಆರಂಭವಾಗುತ್ತದೆ, ಮೊದಲ ಏಟು ಬೀಳಲೆಂದು ಕಾಯಬೇಕಿಲ್ಲ. ಹಾಗೆಯೇ ದಾಳಿಗೊಳಗಾದವನು ಹೇಡಿಯಂತೆ ಓಡಬೇಕೆಂದು ಕಾನೂನು ಬಯಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ತೀರ್ಪಿನಲ್ಲಿ ಹೇಳಿದೆ. ಆದರೆ ಭಯ ಕಳೆದಲ್ಲಿಗೆ ಹಕ್ಕೂ ಮುಗಿಯಿತು. ಗೋಡೆ ಹಾರಿ ಬರಿಗೈಯಲ್ಲಿ ಓಡಿದವನನ್ನು ಬೆನ್ನಟ್ಟಿ ಹೊಡೆದರೆ, ಕಟ್ಟಿಹಾಕಿ ಊರೆಲ್ಲ ಸೇರಿ ಥಳಿಸಿದರೆ ಅದು ಹೊಸ ಅಪರಾಧ.

ಮೂರನೆಯದು ಅಳತೆ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡಬಾರದು, ಪೊಲೀಸರ ಮೊರೆಹೋಗಲು ಸಮಯವಿದ್ದರೆ ಈ ಹಕ್ಕೇ ಇಲ್ಲ ಎನ್ನುತ್ತದೆ ಸೆಕ್ಷನ್ 37. ಕತ್ತಲಲ್ಲಿ ಜೀವಭಯದಿಂದ ಬೀಸಿದ ಕೈಯ ಬಲವನ್ನು ಚಿನ್ನ ತೂಗುವ ತಕ್ಕಡಿಯಲ್ಲಿ ತೂಗಲಾಗದು ಎಂದು ನ್ಯಾಯಾಲಯಗಳು ಒಪ್ಪುತ್ತವೆ. ಸದುದ್ದೇಶದಿಂದಲೇ ಮಿತಿ ಮೀರಿ ಸಾವು ಸಂಭವಿಸಿದರೆ ಅದು ಕೊಲೆಯಾಗದೆ, ಕೊಲೆಯಲ್ಲದ ನರಹತ್ಯೆಯಾಗಬಹುದು. ಶಿಕ್ಷೆ ಮಾತ್ರ ತಪ್ಪುವುದಿಲ್ಲ.

ಬೇಲಿಗೆ ಕರೆಂಟ್ ಹಾಯಿಸುವವರು ಬಿಹಾರದ ಒಂದು ಪ್ರಕರಣವನ್ನು ತಿಳಿದಿರಬೇಕು. ನೆರೆಯವರು ತನ್ನ ಶೌಚಾಲಯ ಬಳಸುತ್ತಾರೆಂದು ಸಿಟ್ಟಾದ ಮನೆಯೊಡೆಯನೊಬ್ಬ ಅಲ್ಲಿಗೆ ಹೋಗುವ ದಾರಿಯಲ್ಲಿ ವಿದ್ಯುತ್ ಹರಿಯುವ ಬರಿ ತಾಮ್ರದ ತಂತಿ ಕಟ್ಟಿದ. ತಾಗಿದ ಹೆಂಗಸು ಸತ್ತಳು. ತನ್ನ ಆಸ್ತಿಯ ರಕ್ಷಣೆಗಾಗಿ ಹಾಗೆ ಮಾಡಿದೆ ಎಂಬ ಅವನ ವಾದವನ್ನು ಸುಪ್ರೀಂ ಕೋರ್ಟ್ 1963ರಲ್ಲಿ ತಳ್ಳಿಹಾಕಿತು. ಅತಿಕ್ರಮವಾಗಿ ಬಂದವರಿಗೂ ಹೀಗೆ ಸಾವಿನ ಬಲೆ ಒಡ್ಡುವಂತಿಲ್ಲ. ನನ್ನ ಅಭಿಪ್ರಾಯದಲ್ಲಿ ತೋಟದವರಿಗೆ ಕೋವಿಗಿಂತ ಹೆಚ್ಚು ಕೇಸು ತಂದೊಡ್ಡಬಲ್ಲದ್ದು ಈ ತಂತಿಯೇ, ಏಕೆಂದರೆ ಅದಕ್ಕೆ ಕಳ್ಳನೂ ಒಂದೇ, ಹುಲ್ಲು ಕೊಯ್ಯಲು ಬಂದ ಕೂಲಿಯವಳೂ ಒಂದೇ.

ಏನಾದರೂ ನಡೆದುಹೋದ ಮೇಲೆ ತಡಮಾಡದೆ 112ಕ್ಕೆ ಕರೆ ಮಾಡಿ, ಗಾಯಗೊಂಡವನು ಕಳ್ಳನೇ ಆಗಿದ್ದರೂ ಆಸ್ಪತ್ರೆಗೆ ಕಳಿಸಿ, ದೊಣ್ಣೆ ತೊಳೆಯದೆ, ಮುರಿದ ಬಾಗಿಲು ಸರಿಪಡಿಸದೆ ಹಾಗೆಯೇ ಬಿಡಿ. ಆತ್ಮರಕ್ಷಣೆಯಾಗಿತ್ತೆಂದು ತೋರಿಸುವ ಹೊಣೆ ಆರೋಪಿಯ ಮೇಲಿರುತ್ತದೆ. ಸಂಶಯಾತೀತವಾಗಿ ಸಾಬೀತುಪಡಿಸಬೇಕಿಲ್ಲ, ಹಾಗೆ ನಡೆದಿರುವ ಸಂಭವವೇ ಹೆಚ್ಚು ಎಂದು ಕಂಡರೆ ಸಾಕು. ಅದಕ್ಕೆ ಬಹಳ ಸಲ ನೆರವಾಗುವುದು ನಿಮ್ಮ ಮೈಮೇಲಿನ ಗಾಯದ ದಾಖಲೆ, ಆದ್ದರಿಂದ ತರಚಿದ್ದಾದರೂ ಸರಿ, ಅಂದೇ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರಿಗೆ ತೋರಿಸಿ ಎಂಎಲ್‌ಸಿ, ಅಂದರೆ ಪೊಲೀಸ್ ಪ್ರಕರಣಕ್ಕೆ ಬೇಕಾಗುವ ಗಾಯದ ವೈದ್ಯಕೀಯ ದಾಖಲೆ, ಮಾಡಿಸಿಕೊಳ್ಳಿ.