ಒಂದೇ ತೆರನಾದ ಟೈಮರ್ ಫಂಕ್ಷನ್‌ಗಳಿಗೆ ವಿವರಣೆ ಬರೆಯುವ ಕ್ರಮ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಟೈಮ್ ಮಾಡ್ಯೂಲಿನಲ್ಲಿ (ಸಿದ್ಧ ಕೋಡ್‌ಗಳ ಕಟ್ಟಿನಲ್ಲಿ) ಹೊತ್ತನ್ನು ಅಳೆಯಲು ಮುಖ್ಯವಾಗಿ ಟೈಮ್, ಮೊನೊಟಾನಿಕ್, ಪರ್ಫ್ ಕೌಂಟರ್, ಪ್ರೊಸೆಸ್ ಟೈಮ್ ಎಂಬ ನಾಲ್ಕು ಫಂಕ್ಷನ್‌ಗಳು ಬಳಕೆಯಲ್ಲಿವೆ. ನಾಲ್ಕೂ ಸೆಕೆಂಡುಗಳ ಲೆಕ್ಕವನ್ನೇ ಕೊಡುವುದರಿಂದ, ಪ್ರತಿಯೊಂದರ ಮುಂದೆಯೂ ‘ಸಮಯವನ್ನು ಸೆಕೆಂಡುಗಳಲ್ಲಿ ನೀಡುತ್ತದೆ’ ಎಂದು ಬರೆದು ಕೈತೊಳೆದುಕೊಳ್ಳುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಆ ಸಾಲು ಸುಳ್ಳಲ್ಲ. ಆದರೆ ನಾಲ್ಕರಲ್ಲಿ ಯಾವುದನ್ನು ಬಳಸಲಿ ಎಂದು ಹುಡುಕಿ ಬಂದವರಿಗೆ ಅದರಿಂದ ಏನೂ ದಕ್ಕುವುದಿಲ್ಲ.

ಆದ್ದರಿಂದ ವಿವರಣೆಯ ಮೊದಲ ವಾಕ್ಯದಲ್ಲಿಯೇ ಆ ಫಂಕ್ಷನ್ ಯಾವ ಗಡಿಯಾರವನ್ನು ನೋಡುತ್ತದೆ, ಆ ಗಡಿಯಾರ ಯಾವಾಗ ಕೈಕೊಡುತ್ತದೆ ಎಂಬುದನ್ನು ಹೇಳಬೇಕು. ತೀರ್ಥಹಳ್ಳಿ ಕಡೆಯ ಮನೆಯೊಂದರಲ್ಲಿ, ಸುಲಿದ ಅಡಿಕೆ ಹಂಡೆಯಲ್ಲಿ ಬೇಯುವ ಹೊತ್ತನ್ನು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಿಂದ ಅಳೆಯುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಕರೆಂಟು ಇಲ್ಲದಾಗಲೂ ನಡೆಯುವ ಗಡಿಯಾರ ಆ ಯಂತ್ರದಲ್ಲಿಲ್ಲ. ಗಾಳಿಮಳೆಗೆ ಹೋದ ಕರೆಂಟು ಮರಳಿದಾಗ ಅದು ಹಳೆಯ ಸಮಯದಿಂದಲೇ ಶುರುವಾಗಿ, ಇಂಟರ್‌ನೆಟ್ ಸಿಕ್ಕಿದ ಮೇಲಷ್ಟೇ ಸರಿಯಾದ ಸಮಯಕ್ಕೆ ಒಮ್ಮೆಲೇ ಜಿಗಿಯುತ್ತದೆ. ಆ ಜಿಗಿತಕ್ಕೆ ಮೊದಲೇ ಎಣಿಕೆ ಆರಂಭಿಸಿದ್ದರೆ, 1970ರ ಜನವರಿ 1ರಿಂದ ಲೆಕ್ಕ ಹಿಡಿಯುವ ಟೈಮ್ ಫಂಕ್ಷನ್ನಿನ ಪ್ರಕಾರ ಆಗ ತಾನೇ ಹಂಡೆಗೆ ಬಿದ್ದ ಅಡಿಕೆ ಗಂಟೆಗಟ್ಟಲೆ ಬೆಂದಿರುತ್ತದೆ. ಮೊನೊಟಾನಿಕ್ ಹಾಗೆ ಜಿಗಿಯುವುದೂ ಇಲ್ಲ, ಹಿಂದೆ ಸರಿಯುವುದೂ ಇಲ್ಲ. ಆದರೆ ಅದರ ಆರಂಭಬಿಂದು ಯಾವುದೆಂದು ಭಾಷೆ ಗೊತ್ತುಪಡಿಸಿಲ್ಲವಾದ್ದರಿಂದ, ಎರಡು ಓದುಗಳ ವ್ಯತ್ಯಾಸಕ್ಕೆ ಮಾತ್ರ ಅರ್ಥವಿದೆ. ಇಂದಿನ ಓದನ್ನು ಕಡತದಲ್ಲಿಟ್ಟು, ಯಂತ್ರವನ್ನು ಮತ್ತೆ ಚಾಲೂ ಮಾಡಿದ ಮೇಲೆ ಹೋಲಿಸುವಂತಿಲ್ಲ. ಈ ಎಚ್ಚರಿಕೆಯನ್ನು ಅಡಿಟಿಪ್ಪಣಿಗೆ ತಳ್ಳದೆ ಅಲ್ಲಿಯೇ ಬರೆಯುವುದು ಲೇಸು.

ಪರ್ಫ್ ಕೌಂಟರಿಗೆ ಹೆಚ್ಚು ಮಾತು ಬೇಡ: ಕಿರು ಅವಧಿಗಳನ್ನು ಸಿಗಬಹುದಾದಷ್ಟು ಸೂಕ್ಷ್ಮವಾಗಿ ಅಳೆಯಲು ಅದು ಇದೆ. ಪ್ರೊಸೆಸ್ ಟೈಮ್ ಮಾತ್ರ ಬೇರೆಯೇ ಜಾತಿಯದು. ಪ್ರೋಗ್ರಾಮಿಗಾಗಿ ಪ್ರೊಸೆಸರ್ ದುಡಿದ ಹೊತ್ತನ್ನಷ್ಟೇ ಅದು ಎಣಿಸುತ್ತದೆ. ಕಣದಲ್ಲಿ ನಿದ್ದೆ ಹೋದ ಆಳಿಗೆ ಕೂಲಿ ಬರೆಯದ ಮೇಸ್ತ್ರಿಯ ಹಾಗೆ, ಸ್ಲೀಪ್‌ನಲ್ಲಿ, ಅಂದರೆ ಪ್ರೋಗ್ರಾಮು ಏನೂ ಮಾಡದೆ ಸುಮ್ಮನೆ ಕಾಯುತ್ತ, ಕಳೆದ ಹೊತ್ತನ್ನು ಬಿಟ್ಟುಬಿಡುತ್ತದೆ.

ತೆಗೆದುಹಾಕಿದ ಫಂಕ್ಷನ್‌ಗಳಿಗೂ ಒಂದು ಸಾಲು ಮೀಸಲಿಡಬೇಕು, ಏಕೆಂದರೆ ಹಳೆಯ ಕೋಡ್ ಓದುವವರು ಇದ್ದೇ ಇರುತ್ತಾರೆ. ಕ್ಲಾಕ್ ಎಂಬ ಫಂಕ್ಷನ್ ಯುನಿಕ್ಸ್‌ನಲ್ಲಿ ಪ್ರೊಸೆಸರಿನ ಹೊತ್ತನ್ನೂ ವಿಂಡೋಸ್‌ನಲ್ಲಿ ಗೋಡೆ ಗಡಿಯಾರದಂತೆ ಕಳೆದ ಹೊತ್ತನ್ನೂ ಕೊಡುತ್ತಿತ್ತು. ಈ ಗೊಂದಲದಿಂದಾಗಿ 2012ರ 3.3 ಆವೃತ್ತಿಯಲ್ಲಿ ಅದನ್ನು ಬಳಸಬೇಡಿರೆಂದು ಸೂಚಿಸಿ, 2019ರ 3.8ರಲ್ಲಿ ತೆಗೆದುಹಾಕಲಾಯಿತು. ಅದರ ಜಾಗದಲ್ಲಿ ಪರ್ಫ್ ಕೌಂಟರ್ ಬೇಕೋ ಪ್ರೊಸೆಸ್ ಟೈಮ್ ಬೇಕೋ ಎಂಬುದು ಹಳೆಯ ಕೋಡ್ ಏನನ್ನು ಅಳೆಯುತ್ತಿತ್ತು ಎಂಬುದರ ಮೇಲೆ ನಿಂತಿದೆ ಎಂದೂ ಸೇರಿಸಬೇಕು.

ಉದಾಹರಣೆಯನ್ನು ಪ್ರತಿ ಫಂಕ್ಷನ್ನಿಗೆ ಬೇರೆಬೇರೆಯಾಗಿ ಕೊಡದೆ, ನಾಲ್ಕಕ್ಕೂ ಒಂದೇ ಕೋಡ್ ಕೊಡುವುದು ನನಗೆ ಸರಿಕಾಣುತ್ತದೆ. ನಡುವೆ ಎರಡು ಸೆಕೆಂಡು ಸ್ಲೀಪ್ ಇಟ್ಟು, ಮೊದಲಿನ ಮತ್ತು ನಂತರದ ಓದುಗಳ ವ್ಯತ್ಯಾಸವನ್ನು ಮುದ್ರಿಸಿದರೆ, ಮೂರು ಸಾಲುಗಳಲ್ಲಿ ಎರಡರ ಆಸುಪಾಸಿನ ಸಂಖ್ಯೆಯೂ ನಾಲ್ಕನೆಯದರಲ್ಲಿ ಸೊನ್ನೆಗೆ ತೀರ ಹತ್ತಿರದ ಸಂಖ್ಯೆಯೂ ಕಾಣಿಸುತ್ತವೆ.